ತಲೆ-ಕುತ್ತಿಗೆ ಕ್ಯಾನ್ಸರ್ ಜಾಗೃತಿ ಕಾರ್ಯಕ್ರಮ: ಯೋಜನೆ ಕೊನೆಯಿಂದ ಶುರುವಾಗಲಿ

ತಲೆ-ಕುತ್ತಿಗೆ ಕ್ಯಾನ್ಸರ್ ಅಂದರೆ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಭಾಗದ ಕ್ಯಾನ್ಸರ್. ಅದರ ಜಾಗೃತಿ ಕಾರ್ಯಕ್ರಮ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಸಭಾಂಗಣ ನೋಡುತ್ತಾರೆ, ಆಮೇಲೆ ಭಾಷಣಕಾರರು, ಆಮೇಲೆ ಬ್ಯಾನರ್. ಮೊದಲು ಹುಡುಕಬೇಕಾದ್ದು ಇದಾವುದೂ ಅಲ್ಲ. ಬಾಯಲ್ಲಿ ಅನುಮಾನದ ಹುಣ್ಣು ಕಂಡವರನ್ನು ಮುಂದಿನ ಒಂದು ವಾರದೊಳಗೆ ನೋಡುತ್ತೇನೆಂದು ಒಪ್ಪುವ ವೈದ್ಯರು ಬೇಕು: ಕಿವಿ-ಮೂಗು-ಗಂಟಲು ತಜ್ಞರು ಅಥವಾ ಬಾಯಿಯ ಶಸ್ತ್ರಚಿಕಿತ್ಸಕರು. ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಎಲ್ಲಿ ಆಗುತ್ತದೆ, ಅದರ ಖರ್ಚು ಯಾರದು, ಕ್ಯಾನ್ಸರ್ ಎಂದು ಖಚಿತವಾದರೆ ಮುಂದೆ ಯಾವ ಆಸ್ಪತ್ರೆ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗುವವರೆಗೆ ದಿನಾಂಕ ಗೊತ್ತುಮಾಡಬೇಡಿ. ಆ ದಾರಿ ತೆರೆದಿಲ್ಲದಿದ್ದರೆ ತಪಾಸಣೆಯನ್ನೇ ಬಿಡಿ, ಮಾಹಿತಿ ಸಭೆ ಮಾತ್ರ ಮಾಡಿ. ಒಬ್ಬರಲ್ಲಿ ಭಯ ಹುಟ್ಟಿಸಿ ದಾರಿ ತೋರಿಸದೆ ಕಳಿಸುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದು.

ಜುಲೈ 27 ವಿಶ್ವ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ದಿನ, 2014ರಿಂದ ಆಚರಣೆಯಲ್ಲಿದೆ. ಪ್ರಚಾರಕ್ಕೆ ಅನುಕೂಲವಾದ ದಿನವೇ ಸರಿ. ಆದರೆ ನೀವು ಕರೆಯಬೇಕಾದ ಜನ ಅಂದು ಕೆಲಸದಲ್ಲಿದ್ದರೆ ಅವರ ರಜೆಯ ದಿನವನ್ನೇ ಆರಿಸಿ. ಸಿದ್ಧತೆಗೆ ಎಂಟರಿಂದ ಹತ್ತು ವಾರ ಬೇಕು, ಅದರಲ್ಲಿ ಮೊದಲ ಮೂರು ವಾರ ವೈದ್ಯರ ಜೊತೆಗಿನ ಮಾತುಕತೆಗೇ ಹೋಗುತ್ತದೆ.

ಯಾರನ್ನು ಕರೆಯಬೇಕು

ಎಲ್ಲರನ್ನೂ ಕರೆದರೆ ಬರುವವರು ಆರೋಗ್ಯದ ಬಗ್ಗೆ ಮೊದಲೇ ಕಾಳಜಿ ಇರುವವರು. ತಂಬಾಕು ಜಗಿಯುವವರು, ಸೇದುವವರು, ಮದ್ಯ ಕುಡಿಯುವವರು, ಅಡಿಕೆ ಜಗಿಯುವವರು ದೂರವೇ ಉಳಿಯುತ್ತಾರೆ. ತಂಬಾಕು ಮತ್ತು ಮದ್ಯ ಎರಡೂ ಇದ್ದವರಲ್ಲಿ ಅಪಾಯ ಬರೀ ಕೂಡುವುದಿಲ್ಲ, ಗುಣಿಸಿದಂತೆ ಏರುತ್ತದೆ. ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸುವ ಕ್ರಮದಿಂದ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಇಡೀ ಜನಸಂಖ್ಯೆಯ ಲೆಕ್ಕದಲ್ಲಿ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ. ಹಾಗಾಗಿ ಕಾರ್ಯಕ್ರಮವನ್ನು ಈ ಜನ ಇರುವಲ್ಲಿಗೇ ಒಯ್ಯಿರಿ: ಕೆಲಸದ ಜಾಗ, ವಾಹನ ನಿಲ್ದಾಣ, ಪಾಳಿ ಮುಗಿಯುವ ಹೊತ್ತು.

ಉದ್ಯೋಗಸ್ಥಳದಲ್ಲಿ ಮಾಡುವುದಾದರೆ ಒಂದು ಷರತ್ತು ಹಾಕಿ: ಯಾರ ಫಲಿತಾಂಶವೂ ಮಾಲೀಕರ ಕೈಗೆ ಹೋಗಕೂಡದು. ಕೆಲಸ ಹೋಗುವ ಭಯವಿದ್ದರೆ ಜನ ಬಾಯಿ ತೆರೆಯುವುದಿಲ್ಲ. ತಂಬಾಕು, ಮದ್ಯ ಕಂಪನಿಗಳ ಹಣ ಬೇಡವೇ ಬೇಡ.

ಒಂದೇ ಸಂದೇಶ

ಪೋಸ್ಟರಿನಲ್ಲಿ ಇಪ್ಪತ್ತು ಸಾಲು ಬರೆದರೆ ಒಂದೂ ನೆನಪಿರುವುದಿಲ್ಲ. ಉಳಿಯಬೇಕಾದ್ದು ಇಷ್ಟೇ: ಮೂರು ವಾರ ಕಳೆದರೂ ಹೋಗದಿದ್ದರೆ ತೋರಿಸಿ. ವಾಸಿಯಾಗದ ಬಾಯಿಹುಣ್ಣು, ಬಾಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಒಡೆದ ದನಿ, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಂಟು, ಒಂದೇ ಕಡೆ ಕಿವಿನೋವು, ಒಂದೇ ಮೂಗಿನ ಹೊಳ್ಳೆ ಕಟ್ಟಿಕೊಳ್ಳುವುದು ಅಥವಾ ರಕ್ತ ಬರುವುದು. ಕೆಂಪು ಮಚ್ಚೆ ಬಿಳಿಯದಕ್ಕಿಂತ ಹೆಚ್ಚು ಅಪಾಯಕಾರಿ ಎಂಬುದನ್ನು ಬಿಡಿಸಿ ಹೇಳಿ. ನೋವಿಲ್ಲ ಅಂದರೆ ಚಿಂತೆಯಿಲ್ಲ ಎಂಬ ನಂಬಿಕೆಯನ್ನು ಒಡೆಯುವುದು ಇನ್ನೂ ಮುಖ್ಯ, ಏಕೆಂದರೆ ಆರಂಭದ ಹಂತದಲ್ಲಿ ಹೆಚ್ಚಾಗಿ ನೋವೇ ಇರುವುದಿಲ್ಲ.

ತಂಬಾಕು ಮುಟ್ಟದವರಿಗೂ ಒಂದು ಮಾತು ಇರಲಿ. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿನಿಂದ ಗಂಟಲಿನ ಹಿಂಭಾಗದಲ್ಲಿ, ಟಾನ್ಸಿಲ್ ಮತ್ತು ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಬರಬಹುದು. ಎಷ್ಟೋ ಸಲ ಅದರ ಮೊದಲ ಗುರುತು ಕುತ್ತಿಗೆಯ ನೋವಿಲ್ಲದ ಗಂಟು. ಈ ವೈರಸ್ಸಿಗೆ ಲಸಿಕೆಯಿದೆ, 9ರಿಂದ 14ರ ವಯಸ್ಸಿನಲ್ಲಿ ಕೊಡುವುದು ಉತ್ತಮ.

ಮುಖವೇ ಕರಗಿಹೋದ ಭೀಕರ ಚಿತ್ರಗಳನ್ನು ತೂಗುಹಾಕಬೇಡಿ. ಅವನ್ನು ನೋಡಿದವರು ತಮ್ಮ ಬಾಯಿಯ ಸಣ್ಣ ಮಚ್ಚೆಯನ್ನು ಅದಕ್ಕೆ ಹೋಲಿಸಿ "ನನಗೆ ಹಾಗೇನೂ ಆಗಿಲ್ಲ" ಎಂದು ಸಮಾಧಾನಪಟ್ಟುಕೊಂಡುಬಿಡುತ್ತಾರೆ. ಕಡಲೆಕಾಳಿನಷ್ಟು ಚಿಕ್ಕ, ಆರಂಭದ ಮಚ್ಚೆಯ ಚಿತ್ರವನ್ನೇ ದೊಡ್ಡದಾಗಿ ಮುದ್ರಿಸಿ.

ತಪಾಸಣೆಯ ಲೆಕ್ಕ

ನೋಂದಣಿ ಬಿಟ್ಟು ಒಬ್ಬರ ಪರೀಕ್ಷೆಗೆ ಆರೇಳು ನಿಮಿಷ. ಒಬ್ಬ ಪರೀಕ್ಷಕರು ಗಂಟೆಗೆ ಎಂಟು ಜನರನ್ನು ಸರಿಯಾಗಿ ನೋಡಬಹುದು. ಇಬ್ಬರಿದ್ದರೆ ನಾಲ್ಕು ಗಂಟೆಯಲ್ಲಿ ಅರವತ್ತು ಚಿಲ್ಲರೆ. ಆದ್ದರಿಂದ ಅರವತ್ತು ಟೋಕನ್ ಮಾತ್ರ ಕೊಡಿ. ಇನ್ನೂರು ಜನರನ್ನು ಸೇರಿಸಿದರೆ ಪರೀಕ್ಷೆ ಎರಡು ನಿಮಿಷಕ್ಕಿಳಿಯುತ್ತದೆ, ನಾಲಗೆಯ ಅಡಿ ಯಾರೂ ನೋಡುವುದಿಲ್ಲ.

ಅರವತ್ತು ಜನರಿಗೆ ಬೇಕಾದವು: ಕೈಗವಸು 75 ಜೊತೆ (ಪೆನ್ನು, ಫೋನು ಮುಟ್ಟಿದರೆ ಬದಲಿಸಲೇಬೇಕು), ನಾಲಗೆ ಒತ್ತುವ ಮರದ ಪಟ್ಟಿ 130, ಹತ್ತು ಸೆಂಟಿಮೀಟರ್ ಚೌಕದ ಗಾಜ್ ಬಟ್ಟೆ 80, ಪ್ರತಿ ಪರೀಕ್ಷಕರಿಗೆ ಒಂದು ತಲೆದೀಪ ಮತ್ತು ಬದಲಿ ಬ್ಯಾಟರಿ, ಕೃತಕ ದಂತಪಂಕ್ತಿ ಇಡಲು ಮುಚ್ಚಳದ ಲೋಟಗಳು, ಬಾಯಿ ಮುಕ್ಕಳಿಸಲು ನೀರು, ಮರೆಗೆ ಪರದೆ, ಬಳಸಿದ ಸಾಮಗ್ರಿಗೆ ವೈದ್ಯಕೀಯ ತ್ಯಾಜ್ಯದ ಚೀಲ. ಆ ಚೀಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕಟ್ಟಡದ ಬೆಳಕನ್ನು ನಂಬಬೇಡಿ, ಫೋನಿನ ಟಾರ್ಚನ್ನಂತೂ ಬೇಡ. ಅದನ್ನು ಹಿಡಿದರೆ ಒಂದು ಕೈ ಕಡಿಮೆಯಾಗುತ್ತದೆ.

ತೆಗೆಯಬಹುದಾದ ದಂತಪಂಕ್ತಿಯನ್ನು ತೆಗೆಸದೆ ಪರೀಕ್ಷೆ ಶುರುಮಾಡಕೂಡದು. ಮೊದಲು ತುಟಿ, ಕೆನ್ನೆಯ ಒಳಭಾಗ, ಒಸಡು. ಆಮೇಲೆ ನಾಲಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಎರಡೂ ಪಕ್ಕಕ್ಕೆ ಎಳೆದು ಅಂಚುಗಳನ್ನು ಹಿಂದಿನವರೆಗೆ ನೋಡಬೇಕು. ಕಣ್ತಪ್ಪುವುದು ಹೆಚ್ಚಾಗಿ ಇಲ್ಲೇ. ನಾಲಗೆ ಎತ್ತಿಸಿ ಬಾಯಿಯ ತಳ, ಕೊನೆಯ ದವಡೆಹಲ್ಲಿನ ಹಿಂದಿನ ಮೂಲೆ, ಅಂಗುಳ, "ಆ" ಎನ್ನಿಸಿ ಗಂಟಲು. ಕಡೆಗೆ ಎರಡೂ ಕೈಯಿಂದ ಕುತ್ತಿಗೆ ಮುಟ್ಟಿ ಗಂಟು ಹುಡುಕುವುದು. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲಾಗದಿದ್ದರೆ ಅದನ್ನೂ ಬರೆದುಕೊಳ್ಳಿ. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪದರ ಬಿಗಿಯುವ ಕಾಯಿಲೆಯ ಗುರುತು ಅದು.

ಈ ಪರೀಕ್ಷೆಗೆ ಧ್ವನಿಪೆಟ್ಟಿಗೆಯಾಗಲಿ ಮೂಗಿನ ಹಿಂಭಾಗವಾಗಲಿ ಕಾಣುವುದಿಲ್ಲ. ದನಿ ಒಡೆದು ಮೂರು ವಾರವಾದವರಿಗೆ ಬಾಯಿ ಎಷ್ಟೇ ಚೆನ್ನಾಗಿದ್ದರೂ ಎಂಡೋಸ್ಕೋಪಿಗೆ (ಸಣ್ಣ ಕ್ಯಾಮೆರಾದಿಂದ ಗಂಟಲೊಳಗೆ ನೋಡುವ ಪರೀಕ್ಷೆ) ಚೀಟಿ ಕೊಡಲೇಬೇಕು. "ನಿಮಗೆ ಕ್ಯಾನ್ಸರ್ ಇಲ್ಲ" ಎಂಬ ಮಾತು ಶಿಬಿರದಲ್ಲಿ ಯಾರ ಬಾಯಿಂದಲೂ ಬರಕೂಡದು, "ಇದೆ" ಎಂಬುದೂ ಅಷ್ಟೇ. "ಇದನ್ನು ತಜ್ಞರು ನೋಡಬೇಕು, ಗುರುವಾರ ಹತ್ತು ಗಂಟೆಗೆ ನಿಮ್ಮ ಸಮಯ ಗೊತ್ತಾಗಿದೆ" ಎಂದರೆ ಸಾಕು. ದಿನ, ಗಂಟೆ, ಕೊಠಡಿ ಬರೆದ ಚೀಟಿ ಕೈಯಲ್ಲಿದ್ದರೆ ಜನ ಹೋಗುತ್ತಾರೆ; "ಯಾವಾಗಲಾದರೂ ತೋರಿಸಿಕೊಳ್ಳಿ" ಎಂದರೆ ಹೋಗುವುದಿಲ್ಲ.

ಚೀಟಿ ಸಿಕ್ಕವರನ್ನು ಪ್ರತ್ಯೇಕ ಸಾಲಿನಲ್ಲಿ ಕೂರಿಸಬೇಡಿ, ಹೆಸರು ಕೂಗಬೇಡಿ. ಎಲ್ಲರಿಗೂ ಒಂದೇ ಬಣ್ಣದ ಲಕೋಟೆ ಕೊಡಿ, ಒಳಗಿನ ಕಾಗದ ಮಾತ್ರ ಬೇರೆ ಇರಲಿ.

ಗುಣವಾದವರು ಮಾತನಾಡುವಾಗ

ಹತ್ತು ಭಾಷಣಗಳಿಗಿಂತ ಗುಣವಾಗಿ ಬಂದ ಒಬ್ಬರ ಐದು ನಿಮಿಷ ಹೆಚ್ಚು ನಾಟುತ್ತದೆ. ಅವರಿಗೆ ಬೇಕಾದ್ದನ್ನು ಮೊದಲೇ ಕೇಳಿ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾರೆ: ಧೂಳು, ಹೊಗೆ, ಸುಗಂಧದ ಸಿಂಪಡಣೆ ಹತ್ತಿರ ಬೇಡ. ಕುತ್ತಿಗೆಗೆ ಒತ್ತಿ ಮಾತಾಡುವ ಧ್ವನಿಯಂತ್ರ ಬಳಸುವವರಿದ್ದರೆ ಹಿಂದಿನ ದಿನವೇ ಮೈಕಿನಲ್ಲಿ ಪರೀಕ್ಷಿಸಿ. ಯಂತ್ರಕ್ಕೆ ಒಂದು ಕೈ ಬೇಕಾದ್ದರಿಂದ ಮೈಕು ಸ್ಟ್ಯಾಂಡಿನ ಮೇಲಿರಲಿ. ವಿಕಿರಣ ಚಿಕಿತ್ಸೆಯಾದವರ ಬಾಯಿ ಒಣಗುತ್ತಿರುತ್ತದೆ, ಪಕ್ಕದಲ್ಲಿ ನೀರಿಡಿ. ಎಲ್ಲರೆದುರು ತಿನ್ನಲು ಕೆಲವರಿಗೆ ಮುಜುಗರ, ಒತ್ತಾಯಿಸಬೇಡಿ. ಫೋಟೊಗೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಬೇಡವೆಂದರೆ ಕಾರಣ ಕೇಳಬೇಡಿ.

ತಂಬಾಕು ಬಿಡಿಸುವ ಮೇಜು ತಪಾಸಣೆಯ ಪಕ್ಕದಲ್ಲೇ ಇರಲಿ. ಬಾಯಿ ತೋರಿಸಿ ಎದ್ದ ಕ್ಷಣದಲ್ಲಿ ಮನಸ್ಸು ಮೆತ್ತಗಿರುತ್ತದೆ. ಬೈಯಬೇಡಿ, ಬಿಡಲು ಮನಸ್ಸಿದೆಯೇ ಎಂದು ಕೇಳಿ, ಇದ್ದರೆ ದಿನ ಗೊತ್ತುಮಾಡಿ, ಸಲಹಾ ಕೇಂದ್ರದ ಸಂಖ್ಯೆ ಕೊಡಿ.

ಆಮೇಲಿನ ಮೂವತ್ತು ದಿನ

ನೋಂದಣಿಯಲ್ಲಿ ಅವರ ಫೋನಿನ ಜೊತೆ ಮನೆಯ ಇನ್ನೊಬ್ಬರ ಸಂಖ್ಯೆಯನ್ನೂ ಬರೆದುಕೊಳ್ಳಿ. ಆದರೆ ಆ ಸಂಖ್ಯೆಗೆ ಏನು ಹೇಳಬಹುದು ಎಂಬುದನ್ನು ಅವರನ್ನೇ ಕೇಳಿ. ಚೀಟಿ ಪಡೆದವರಿಗೆ ಮೂರನೇ, ಹದಿನಾಲ್ಕನೇ ಮತ್ತು ಮೂವತ್ತನೇ ದಿನ ಕರೆಮಾಡಲು ಹೆಸರಿಟ್ಟು ಒಬ್ಬರನ್ನು ನೇಮಿಸಿ. ಹೋಗದವರು ಸಾಮಾನ್ಯವಾಗಿ ಹೇಳುವುದು ಮೂರು: ನೋವಿಲ್ಲ, ಕೂಲಿ ತಪ್ಪುತ್ತದೆ, ಜೊತೆಗೆ ಬರುವವರಿಲ್ಲ. ಮೂರನೆಯದಕ್ಕೆ ಒಬ್ಬ ಕಾರ್ಯಕರ್ತರು ಜೊತೆಗೆ ನಡೆದುಹೋದರೆ ಪರಿಹಾರವಾಗುತ್ತದೆ. ಎರಡನೆಯದಕ್ಕೆ ಸಂಜೆಯ ಸಮಯ ಕೊಡುವಂತೆ ವೈದ್ಯರನ್ನು ಮೊದಲ ಮಾತುಕತೆಯಲ್ಲೇ ಕೇಳಿಕೊಂಡಿರಬೇಕು.

ವರದಿಯಲ್ಲಿ ಬಂದವರ ಸಂಖ್ಯೆಯನ್ನು ಮೇಲೆ ಬರೆಯಬೇಡಿ. ಮೇಲಿರಬೇಕಾದ್ದು ಎರಡು ಅಂಕಿ: ಎಷ್ಟು ಜನರಿಗೆ ಚೀಟಿ ಕೊಟ್ಟಿರಿ, ಅವರಲ್ಲಿ ಎಷ್ಟು ಜನ ತಜ್ಞರ ಮುಂದೆ ಕುಳಿತರು. ಇವೆರಡರ ನಡುವೆ ಅಂತರ ಉಳಿದಿದ್ದರೆ ಮುಂದಿನ ಶಿಬಿರದ ದಿನಾಂಕಕ್ಕೆ ಮುಂಚೆ ಆ ಹೆಸರುಗಳಿಗೆ ಇನ್ನೊಮ್ಮೆ ಕರೆಮಾಡಿ.