ಕಿವಿಯ ಗುಗ್ಗೆ: ಮೊದಲು ಹತ್ತಿಯ ಬಡ್ಸ್ ಕೆಳಗಿಡಿ

ಸ್ನಾನ ಮುಗಿಸಿ ಬಂದ ಕೂಡಲೇ ಒಂದು ಕಿವಿ ಮುಚ್ಚಿಕೊಂಡಂತೆ ಆಯಿತಾ? ಹೆಚ್ಚಾಗಿ ಒಳಗಿದ್ದ ಗುಗ್ಗೆ ನೀರು ಕುಡಿದು ಉಬ್ಬಿರುತ್ತದೆ. ನನಗೂ ಹೀಗಾಗಿತ್ತು. ಬಡ್ಸ್ ಹಾಕಿ ತಿರುಗಿಸಿದೆ. ತುದಿಗೆ ಚೂರು ಹಳದಿ ಅಂಟಿಕೊಂಡು ಬಂತು, ಉಳಿದದ್ದೆಲ್ಲ ಇನ್ನೂ ಒಳಗೆ ಹೋಗಿ ಕೂತಿತು!

ಗುಗ್ಗೆ ಕೊಳೆ ಅಲ್ಲ. ಧೂಳು ಹಿಡಿಯಲು, ಚರ್ಮ ಒಣಗದಂತೆ ಕಾಯಲು ಕಿವಿಯೇ ಅದನ್ನು ಮಾಡಿಕೊಳ್ಳುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆ ಆಡುತ್ತದಲ್ವಾ, ಆಗ ಮೆಲ್ಲಗೆ ತಾನೇ ಹೊರಗೆ ಜರುಗುತ್ತದೆ. ಇಯರ್‌ಫೋನ್, ಶ್ರವಣ ಯಂತ್ರ ಜಾಸ್ತಿ ಬಳಸುವವರಿಗೆ ಆ ದಾರಿಯೇ ಮುಚ್ಚಿ ಕಟ್ಟಿಕೊಳ್ಳಬಹುದು.

ಕಟ್ಟಿಕೊಂಡರೆ ಕೆರೆಯಬೇಡಿ, ಮೆತ್ತಗೆ ಮಾಡಿ. ಮೈ ಬಿಸಿಯಷ್ಟೇ ಬೆಚ್ಚಗಿರುವ ಆಲಿವ್ ಎಣ್ಣೆ ಅಥವಾ ಗುಗ್ಗೆ ಕರಗಿಸುವ ಡ್ರಾಪ್ಸ್ 2-3 ಹನಿ ಹಾಕಿ, ಮಗ್ಗುಲಾಗಿ 5-10 ನಿಮಿಷ ಮಲಗಿ. 3-5 ದಿನ ಹೀಗೆ ಮಾಡಿ. ಮೊದಮೊದಲು ಇನ್ನೂ ಜಾಸ್ತಿ ಮುಚ್ಚಿದಂತೆ ಅನ್ನಿಸಬಹುದು, ಗಾಬರಿ ಬೇಡ.

ಇಯರ್ ಕ್ಯಾಂಡಲ್ ಅಂತ ಒಂದು ಬರುತ್ತದೆ, ಕಿವಿಗೆ ಸಿಕ್ಕಿಸಿ ಹಚ್ಚುವ ಟೊಳ್ಳು ಮೇಣದಬತ್ತಿ. ಅದು ಗುಗ್ಗೆಯನ್ನು ಎಳೆಯುವುದಿಲ್ಲ, ಸುಮ್ನೆ ಕಿವಿ ಸುಟ್ಟುಕೊಳ್ಳುತ್ತೀರಿ.

ನೋವಿದ್ದರೆ, ಕಿವಿ ಸೋರುತ್ತಿದ್ದರೆ, ಕಿವಿತಮಟೆ ತೂತಾಗಿದ್ದರೆ ಏನೂ ಹಾಕಬೇಡಿ. ಸೀದಾ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಏಕಾಏಕಿ ಕಿವಿ ಕೇಳಿಸದಂತಾದರೆ ಅದೇ ದಿನ ಹೋಗಿ.