ಅಗ್ನಿಶಾಮಕ ದಳಕ್ಕೆ ಕರೆ ಹೆಚ್ಚುವ ಮೊದಲೇ ಸೊಸೈಟಿಯನ್ನು ಸಜ್ಜುಗೊಳಿಸಿ

ಮುಲುಂಡಿನ ನಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿಯಾಗಿ ಅಗ್ನಿ ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತೇನೆ. ಮುಂಬೈಯಲ್ಲಿ ಅಗ್ನಿಶಾಮಕ ದಳಕ್ಕೆ ಬರುವ ಕರೆಗಳು ಋತುವಿಗೆ ತಕ್ಕಂತೆ ಏರುತ್ತವೆ, ಇಳಿಯುತ್ತವೆ. ಏರುವ ಮೊದಲೇ ನಮ್ಮ ಕೆಲಸ ಮುಗಿದಿರಬೇಕು.

ಬೇಸಿಗೆಯಲ್ಲಿ ಎ.ಸಿ.ಗಳು ಹಗಲಿರುಳು ಓಡುತ್ತವೆ, ಹಳೆಯ ವೈರಿಂಗ್ ತಾಳುವುದಿಲ್ಲ. ಇಲ್ಲಿನ ಬೆಂಕಿ ಅವಘಡಗಳಲ್ಲಿ ದೊಡ್ಡ ಪಾಲು ವಿದ್ಯುತ್ ದೋಷದ್ದೇ. ಮಾರ್ಚಿನಲ್ಲೇ ಮೀಟರ್ ಕೋಣೆಯ ಬೀಗ ತೆಗೆಸಿ, ಒಳಗೆ ಹೋಗಿ ನೋಡಿ. ಮುರಿದ ಕುರ್ಚಿ, ಬಣ್ಣದ ಡಬ್ಬ, ಗಣಪತಿ ಮಂಟಪದ ಥರ್ಮೋಕೋಲ್ ಇದ್ದರೆ ಅಂದೇ ಹೊರಹಾಕಿಸಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಇಲಿ ಕಡಿದ ವೈರು ಕಂಡರೆ ಎಲೆಕ್ಟ್ರಿಷಿಯನ್ ಬರುವವರೆಗೆ ಯಾರೂ ಮುಟ್ಟಬಾರದು.

1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಿಸಿದಾಗ ಪ್ರಾಣ ಕೊಟ್ಟ ಅಗ್ನಿಶಾಮಕ ಸಿಬ್ಬಂದಿಯ ನೆನಪಿನಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಅಣಕು ಕಾರ್ಯಾಚರಣೆ ಬೇಕಿದ್ದರೆ ಮೊದಲೇ ಹತ್ತಿರದ ಅಗ್ನಿಶಾಮಕ ಠಾಣೆಗೆ ಮನವಿ ಕೊಡಿ. ದಳದ ಸಿಬ್ಬಂದಿಯ ಬಾಯಿಂದ ಕೇಳಿದ್ದನ್ನು ಮಕ್ಕಳು ಮರೆಯುವುದಿಲ್ಲ.

ಮಳೆ ಹಿಡಿದರೆ ದಳಕ್ಕೆ ಉಸಿರಾಡಲೂ ಬಿಡುವಿಲ್ಲ: ಮರ ಉರುಳುತ್ತದೆ, ಗೋಡೆ ಕುಸಿಯುತ್ತದೆ, ನೀರು ಇಳಿದು ಶಾರ್ಟ್ ಸರ್ಕಿಟ್ ಆಗುತ್ತದೆ. ಸೊಸೈಟಿಯ ಮರದ ಕೊಂಬೆ ಕಡಿಸಲು ಪಾಲಿಕೆಯ ಅನುಮತಿ ಬೇಕು. ಬೇಸಿಗೆಯಲ್ಲೇ ವಾರ್ಡ್ ಕಚೇರಿಗೆ ಅರ್ಜಿ ಹಾಕಿ. ಮರ ಬಿದ್ದು ಯಾರೂ ಸಿಕ್ಕಿಕೊಂಡಿಲ್ಲವಾದರೆ ಪಾಲಿಕೆಯ ಸಹಾಯವಾಣಿ 1916ಕ್ಕೆ ತಿಳಿಸಿ, ಅಗ್ನಿಶಾಮಕ ದಳದ 101 ಸಂಖ್ಯೆ ಜೀವ ಉಳಿಸುವ ಕರೆಗಿರಲಿ.

ಮಳೆ ಹಿಂದೆ ಸರಿದ ಮೇಲೆ ದೀಪಾವಳಿಯವರೆಗೆ ಸಿಗುವ ದಿನಗಳನ್ನು ಕೈಬಿಡಬೇಡಿ. ಬೆಂಕಿ ನಂದಿಸುವ ನೀರಿನ ಹೋಸ್ ಪೆಟ್ಟಿಗೆ ತೆರೆಸಿ, ಹೋಸನ್ನು ಪೂರ್ತಿ ಬಿಚ್ಚಿ ನೀರು ಹರಿಸಿ. ಹೋಸ್ ಜೋಡಿಸುವ ಕಪ್ಲಿಂಗಿನ ರಬ್ಬರ್ ವಾಷರ್ ಒಣಗಿ ಸೀಳಿದ್ದರೆ ನೀರು ಅಲ್ಲೇ ಸೋರಿ, ಮೂತಿಯಲ್ಲಿ ಒತ್ತಡವೇ ಇರುವುದಿಲ್ಲ. ಜನವರಿ ಮತ್ತು ಜುಲೈಯಲ್ಲಿ ಪರವಾನಗಿ ಪಡೆದ ಏಜೆನ್ಸಿಯಿಂದ ಬೆಂಕಿ ನಂದಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ 'ಫಾರ್ಮ್ ಬಿ' ಪ್ರಮಾಣಪತ್ರ ಪಡೆಯುವುದು ಕಾನೂನು, ಆದರೆ ಕಾಗದವೊಂದೇ ಸಾಲದು. ನೀರು ಬರುವುದನ್ನು ಕಣ್ಣಾರೆ ನೋಡಬೇಕು.

ದೀಪಾವಳಿ ಸಂಜೆ ರಾಕೆಟ್ಟು ಯಾರ ಬಾಲ್ಕನಿಗಾದರೂ ನುಗ್ಗೀತು. ಒಣಬಟ್ಟೆ, ರಟ್ಟಿನ ಪೆಟ್ಟಿಗೆ ಒಳಗೆ ತರಲು ಪ್ರತಿ ಮನೆಗೂ ಹೇಳಿ. ಗೇಟಿನಿಂದ ಕಟ್ಟಡದವರೆಗಿನ ದಾರಿಯಲ್ಲಿ ನೆಂಟರ ಕಾರು ನಿಲ್ಲಿಸಲು ಬಿಡಬೇಡಿ.

ಸಂಕ್ರಾಂತಿಗೆ ಗಾಳಿಪಟದ ಮಾಂಜಾ ದಾರಕ್ಕೆ ಹಕ್ಕಿ ಸಿಕ್ಕಿಕೊಂಡರೆ ಹುಡುಗರನ್ನು ಮರ ಹತ್ತಿಸದೆ ದಳವನ್ನೇ ಕರೆಯಿರಿ.

101ಕ್ಕೆ ಕರೆ ಮಾಡುವಾಗ ಕಟ್ಟಡ, ಮಹಡಿ, ಹತ್ತಿರದ ಗುರುತು, ಒಳಗೆ ಯಾರಿದ್ದಾರೆ ಎಂಬುದನ್ನು ಹೇಳಿ, ಒಬ್ಬರನ್ನು ಗೇಟಿನಲ್ಲಿ ನಿಲ್ಲಿಸಿ.