ಮೊದಲು ಪಹಣಿ, ಆಮೇಲೆ ಕಾದಂಬರಿ

ನನ್ನ ಕಾದಂಬರಿ 'ಮೂವತ್ತೆರಡು ಗುಂಟೆ' ಎರಡನೇ ಮುದ್ರಣಕ್ಕೆ ಹೋಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಇದನ್ನು ಬರೆಯೋಕೆ ನಾನು ಹಿಡಿದ ದಾರಿ ಕೇಳಿ ನಕ್ಕವರು ಬಹಳ ಜನ. "ಕಾದಂಬರಿ ಬರೀತಿದ್ದೀಯೋ, ಕ್ರಯಪತ್ರ ಬರೀತಿದ್ದೀಯೋ" ಅಂತ ಮುಖದ ಮೇಲೇ ಕೇಳಿದವರಿದ್ದಾರೆ. ತಿಪಟೂರು ಕಡೆ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಇಪ್ಪತ್ತು ಚಿಲ್ಲರೆ ವರ್ಷ ಬಾಂಡ್ ರೈಟರ್ ಆಗಿ, ಅಂದ್ರೆ ಜನರಿಗೆ ಆಸ್ತಿ ಪತ್ರ ಬರೆದುಕೊಡುತ್ತಾ ಕೂತವನು ನಾನು. ನನಗೆ ಎರಡಕ್ಕೂ ಅಂಥ ದೂರ ಕಾಣಲಿಲ್ಲ.

ದಾರಿ ಇಷ್ಟೇ. ಕಾದಂಬರಿಯ ಒಂದು ಸಾಲೂ ಬರೆಯುವ ಮೊದಲು ಆ ಮನೆತನದ ಕಾಗದಪತ್ರ ಪೂರ್ತಿ ತಯಾರು ಮಾಡಿಕೊಂಡೆ. ವಂಶವೃಕ್ಷ, ಹದಿನೈದಿಪ್ಪತ್ತು ವರ್ಷದ ಪಹಣಿ (ಜಮೀನು ಯಾರದು, ಯಾರು ಉಳುತ್ತಾರೆ ಅನ್ನುವ ಸರ್ಕಾರಿ ದಾಖಲೆ), ಮ್ಯುಟೇಶನ್ (ಖಾತೆ ಬದಲಾವಣೆ), ಪಾಲುಪಟ್ಟಿ, ಈಸಿ (ಋಣಭಾರ ಪತ್ರ), ಭೂನ್ಯಾಯಮಂಡಳಿಯ ಆದೇಶ, ಒಂದು ಮದುವೆಯ ಮುಯ್ಯಿ ಪುಸ್ತಕ (ಯಾರು ಏನು ಉಡುಗೊರೆ ಕೊಟ್ಟರು ಅನ್ನುವ ಪಟ್ಟಿ), ಆರೇಳು ಇನ್‌ಲ್ಯಾಂಡ್ ಲೆಟರ್. ಎಲ್ಲಾ ಸೇರಿ ಎಂಬತ್ತು ತೊಂಬತ್ತು ಹಾಳೆ. ಐದಾರು ತಿಂಗಳು ಬರೀ ಇದೇ ಕೆಲಸ. ಕಥೆ ಆಮೇಲೆ.

ಇದಕ್ಕೆ ಮುಂಚೆ ಎರಡು ಕಾದಂಬರಿ ಬಿದ್ದಿದ್ದವು. ಮೊದಲನೆಯದನ್ನು ಎಲ್ಲರ ಹಾಗೇ ಬರೆದೆ. ಗುಟ್ಟು ಏನು ಅಂತ ಮೊದಲು ಯೋಚಿಸಿ, ಕೊನೇ ಅಧ್ಯಾಯದ ತನಕ ಯಾರ ಬಾಯೂ ಬಿಡಿಸದೆ ಎಳೆಯುವುದು. ಐನೂರು ಪ್ರತಿ ಹಾಕಿಸಿದೆ, ಮೂವತ್ತೆಂಟು ಸಾವಿರ ಹೋಯಿತು. ನೂರಿಪ್ಪತ್ತೋ ನೂರಮೂವತ್ತೋ ಮಾರಿರಬೇಕು. ಉಳಿದದ್ದು ಇವತ್ತಿಗೂ ಅಟ್ಟದ ಮೇಲಿದೆ. ಓದಿದವರು ಕೇಳಿದ್ದು ಒಂದೇ: "ಅಜ್ಜಿಗೆ ಮೊದಲಿಂದ ಗೊತ್ತಿತ್ತಲ್ವಾ, ಮತ್ತೆ ಯಾಕೆ ಸುಮ್ನಿದ್ಲು?" ಎರಡನೆಯದನ್ನು ಒಂದು ವಾರಪತ್ರಿಕೆಗೆ ಧಾರಾವಾಹಿಗೆ ಕಳಿಸಿದೆ. ವರ್ಷದ ಮೇಲೆ ಇಟ್ಟುಕೊಂಡು ಬೇಡ ಅಂದರು. ಕೊನೆಗೆ ಒಬ್ಬ ಪ್ರಕಾಶಕರು ತಂದರು. ಗೌರವಧನ ಅಂತ ಇಪ್ಪತ್ತೈದು ಪ್ರತಿ ಕೊಟ್ಟರು. ಅದರಲ್ಲಿ ಐದು ಪುಟ ತಲೆಕೆಳಗಾಗಿ ಬೈಂಡ್ ಆಗಿತ್ತು, ಆ ಮಾತು ಬಿಡಿ.

ಕಚೇರಿ ಎದುರು ಕೂತು ನೋಡಿದ್ದು ಬೇರೇನೇ. ಮನೆ ಗುಟ್ಟನ್ನು ಯಾರೂ ಬಚ್ಚಿಟ್ಟಿರಲ್ಲ. ಅದು ರೆಕಾರ್ಡ್ ರೂಮಿನಲ್ಲಿ ಇರುತ್ತದೆ. ಅರ್ಜಿ ಹಾಕಿ ನಕಲು ಶುಲ್ಕ ಕಟ್ಟಿದರೆ ಯಾರಿಗೆ ಬೇಕಾದರೂ ಸಿಗುತ್ತದೆ. ಅಣ್ಣ ತಮ್ಮಂದಿರು ಸಹಿ ಹಾಕೋಕೆ ಬಂದಿರುತ್ತಾರೆ, ಪತ್ರ ಓದಿ ಹೇಳುವಾಗ ಒಂದು ಹೆಸರು ಬರುತ್ತದೆ, ಒಬ್ಬ ನೆಲ ನೋಡುತ್ತಾನೆ, ಇನ್ನೊಬ್ಬ "ಅದ್ಯಾರು?" ಅಂತಾನೆ. ಕಾದಂಬರಿ ಅಲ್ಲಿದೆ ಅಂತ ನನಗೆ ಅನಿಸಿತು. ಗುಟ್ಟು ಎಲ್ಲರ ಕಣ್ಣೆದುರಿಗೇ ಇರಬೇಕು, ಅದನ್ನು ಓದೋಕೆ ಬರುವವನು ಮಾತ್ರ ತಡವಾಗಿ ಬರಬೇಕು.

ಇದನ್ನು ನಮ್ಮ ಮೇಷ್ಟ್ರಿಗೆ ಹೇಳಿದೆ. ನನ್ನ ಎರಡೂ ಕಾದಂಬರಿಯ ಕರಡು ತಿದ್ದಿದವರು ಅವರು.

"ಅಲ್ಲಯ್ಯಾ, ಪಹಣಿಯಲ್ಲಿ ಕಥೆ ಎಲ್ಲಿರುತ್ತೆ?"

"12ನೇ ಕಾಲಂ ನೋಡಿ ಮೇಷ್ಟ್ರೇ."

"ಅದನ್ನ ನೋಡೋಕೆ ಯಾವನಯ್ಯಾ ದುಡ್ಡು ಕೊಟ್ಟು ಪುಸ್ತಕ ತಗೋತಾನೆ?"

ಗೊತ್ತಿಲ್ಲದವರಿಗೆ ಒಂದು ಮಾತು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮಾಡುವವನ ಹೆಸರು. 9 ಮತ್ತು 12 ಒಂದೇ ಆಗಿದ್ದರೆ ಅಲ್ಲಿ ಕಥೆ ಇಲ್ಲ. ನನ್ನ ಕಾದಂಬರಿಯ ಯಜಮಾನ ಶಿವಣ್ಣನ ತೆಂಗಿನ ತೋಟದ ಪಹಣಿಯಲ್ಲಿ 1968-69ರಿಂದ 12ನೇ ಕಾಲಂನಲ್ಲಿ ರಂಗಯ್ಯ ಅನ್ನುವ ಹೆಸರು ಬರುತ್ತದೆ. ಆ ಹೆಸರನ್ನು ಬರೆಸಿದ್ದು ಸ್ವತಃ ಶಿವಣ್ಣ. 1974ರ ಮಾರ್ಚ್ 1ಕ್ಕೆ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ರಂಗಯ್ಯ 7ನೇ ನಂಬರ್ ಫಾರಂ, ಅಂದ್ರೆ ಗೇಣಿಗೆ ಉಳುತ್ತಿರುವ ಜಮೀನಿನ ಹಕ್ಕು ತನಗೆ ಕೊಡಿ ಅನ್ನುವ ಅರ್ಜಿ, ಹಾಕುತ್ತಾನೆ. ಆ ಫಾರಂಗೆ ಕೊನೇ ಗಡುವು 1979ರ ಜೂನ್ 30 ಇತ್ತಲ್ಲ, ನಾನು ಅವನ ಕೈಲಿ ಕೊನೇ ವಾರದಲ್ಲಿ ಹಾಕಿಸಿದೆ. ಆ ಕಾಲದಲ್ಲಿ ಗೇಣಿದಾರನ ಮೇಲೆ ಮಾಲೀಕರು ಹೈಕೋರ್ಟಿನ ತನಕ ಹೋಗಿ ಬಡಿದಾಡುತ್ತಿದ್ದರು. ಶಿವಣ್ಣ ಮಾತ್ರ ನ್ಯಾಯಮಂಡಳಿ ಮುಂದೆ ನಿಂತು "ನಂದೇನೂ ತಕರಾರಿಲ್ಲ" ಅಂದುಬಿಡುತ್ತಾನೆ. ಆದೇಶದ ಹಾಳೆಯಲ್ಲಿ ಅದು ಅರ್ಧ ಸಾಲು. ಯಾಕೆ ಅಂದ ಅನ್ನೋದೇ ಇನ್ನೂರೈವತ್ತು ಪುಟ.

ಚಕ್ಕುಬಂದಿಯಲ್ಲಿ, ಅಂದ್ರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿ ಬರೆಯುವ ಕಡೆ, ಇದಕ್ಕಿಂತ ಒಳ್ಳೇ ಕೆಲಸ ಆಯಿತು. ಹಳೇ ಅಡಮಾನ ಪತ್ರದಲ್ಲಿ ತೋಟದ ಪಶ್ಚಿಮಕ್ಕೆ ಹಳ್ಳ. 1981ರ ಪಾಲುಪಟ್ಟಿಯಲ್ಲಿ ಪಶ್ಚಿಮಕ್ಕೆ ರಂಗಯ್ಯನ ಜಮೀನು. ಮಧ್ಯೆ ಮಾರಾಟ ಯಾವುದೂ ಆಗಿಲ್ಲ. ವಿಸ್ತೀರ್ಣ 4 ಎಕರೆ 12 ಗುಂಟೆ ಇದ್ದದ್ದು 3 ಎಕರೆ 20 ಗುಂಟೆ ಆಗಿದೆ. ಎಕರೆಗೆ ನಲವತ್ತು ಗುಂಟೆ; ಲೆಕ್ಕ ಹಾಕಿ ನೋಡಿ, ಪುಸ್ತಕದ ಹೆಸರು ಸಿಗುತ್ತದೆ. ಆದರೆ ನಮ್ಮ ಕಡೆಯವರು ಇದನ್ನು ತಕ್ಷಣ ಹಿಡಿದುಬಿಟ್ಟರು. ಕರಡು ಕೊಟ್ಟ ಏಳೆಂಟು ಜನರಲ್ಲಿ ಹಳ್ಳಿಯವರು ಮೂವರು. ಮೂವರೂ ಮೂರನೇ ಅಧ್ಯಾಯಕ್ಕೇ "ಗುಂಟೆ ಎಲ್ಲಿಗೆ ಹೋಯ್ತು?" ಅಂದರು. ಬೆಂಗಳೂರಿನವರಿಗೆ ಕೊನೇ ತನಕ ಗೊತ್ತಾಗಲಿಲ್ಲ. ಆಮೇಲೆ ಅಂಕಿಯನ್ನು ಮಾತಿಗೆ ಇಳಿಸಿದೆ. ಒಂದು ಕಡೆ ಮುದುಕಿ ಸುಮ್ನೆ ಮಾತಿಗೆ "ನಾಲ್ಕೂಕಾಲು ಎಕರೆ ಚಿಲ್ಲರೆ ಇತ್ತು ಕಣಪ್ಪಾ" ಅಂತಾಳೆ. ಎಂಬತ್ತು ಪುಟ ಆದಮೇಲೆ ಮೊಮ್ಮಗ ಬ್ಯಾಂಕಿನಲ್ಲಿ "ಮೂರೂವರೆ ಎಕರೆ" ಅಂತಾನೆ. ಈಗ ಹಳ್ಳಿಯವರೂ ದಾಟಿಕೊಂಡು ಹೋದರು. ಓದಿ ಮುಗಿಸಿ ವಾಪಸ್ ಬಂದು ನೋಡಿದರು.

ಕರಡು ಓದಿದವರಿಗೆ ನಾನು ಅಭಿಪ್ರಾಯ ಕೇಳಲ್ಲ. ಅಭಿಪ್ರಾಯ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಐದು, ಹತ್ತು, ಹದಿನೈದನೇ ಅಧ್ಯಾಯ ಮುಗಿದ ಕಡೆ ಒಂದೊಂದು ಖಾಲಿ ಚೀಟಿ ಪಿನ್ ಮಾಡಿದ್ದೆ. "ಈಗ ನಿಮಗೆ ಯಾರ ಮೇಲೆ ಅನುಮಾನ? ಹೆಸರು ಬರೆದು ಮುಂದೆ ಓದಿ." ಐದನೇ ಅಧ್ಯಾಯಕ್ಕೆ ಎಲ್ಲರೂ ವಕೀಲ ಚಿಕ್ಕಪ್ಪನ ಹೆಸರು ಬರೆದಿದ್ದರು. ನನಗೆ ಬೇಕಿದ್ದದ್ದೂ ಅದೇ. ಹದಿನೈದಕ್ಕೆ ಬರುವಷ್ಟರಲ್ಲಿ ನಾಲ್ಕು ಬೇರೆ ಬೇರೆ ಹೆಸರು. ಒಬ್ಬರು ಮಾತ್ರ ಸರಿಯಾಗಿ ಬರೆದಿದ್ದರು. ಅವರು ನಿವೃತ್ತ ಶಿರಸ್ತೇದಾರರು, ಅವರನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ವಕೀಲ ಚಿಕ್ಕಪ್ಪನನ್ನು ಕೆಟ್ಟವನು ಮಾಡಿದ್ದು ಕಾನೂನಿನಿಂದ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ಕ್ಕೆ ಜಾರಿಗೆ ಬಂತು. ಅದಕ್ಕೂ ಮುಂಚೆ ಮದುವೆಯಾದವಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಪಂಚಾಂಗ ತೆಗೆದು ನೋಡಿದೆ. ಆ ದಿನ ಆಷಾಢದಲ್ಲಿ ಬೀಳುತ್ತದೆ. ಅಂದ್ರೆ ಆಷಾಢ ಹಿಡಿಯೋಕೆ ಮುಂಚೆ ಹುಡುಗಿ ಮದುವೆ ಮುಗಿಸಿದರೆ ಪಾಲಿನ ತಲೆನೋವೇ ಇಲ್ಲ. ನನ್ನ ಕಾದಂಬರಿಯಲ್ಲಿ ಸರೋಜ ಅತ್ತೆಯ ಮದುವೆ ಜೂನ್ ತಿಂಗಳಲ್ಲಿ ಅವಸರ ಅವಸರವಾಗಿ ಆಗುತ್ತದೆ. ಆಷಾಢದ ಮುಂಚಿನ ಲಗ್ನ ಅಂದರೆ ಯಾರೂ ಅನುಮಾನ ಪಡಲ್ಲ, ನಮ್ಮಲ್ಲಿ ಎಲ್ಲಾ ಮದುವೆಯೂ ಆಗ ಅವಸರವೇ. ಆಮೇಲೆ 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯಾದ ಮಗಳಿಗೂ ಹಕ್ಕು ಬಂತು. ಆ ದಿನಕ್ಕೆ ತಂದೆ ಬದುಕಿರಬೇಕಾಗಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾದಂಬರಿ ಶುರುವಾಗೋದು ಅಲ್ಲಿಂದ. ಜಮೀನು ಮಾರೋಕೆ ಸರೋಜ ಅತ್ತೆ ಸಹಿ ಬೇಕು, ಅವರು ಹಾಕಲ್ಲ, ಯಾಕೆ ಅಂತಲೂ ಹೇಳಲ್ಲ.

ಇಲ್ಲೊಂದು ತೊಡಕು ಬಂತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗವನ್ನು ಈ ಕಾನೂನು ಮುಟ್ಟಲ್ಲ. 1981ರ ಪಾಲುಪಟ್ಟಿ ರಿಜಿಸ್ಟರ್ ಆಗಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯಿತು. ಹಾಗಾಗಿ ಅದನ್ನು ಬಿಳಿ ಹಾಳೆ ಮೇಲೆ, ಪಂಚಾಯ್ತಿದಾರರ ಸಹಿ ಹಾಕಿಸಿ ಬರೆದದ್ದು ಮಾಡಿದೆ. ನಮ್ಮ ಕಡೆ ಅಂಥವು ಬೇಕಾದಷ್ಟಿವೆ. ಇದರಿಂದ ಇನ್ನೊಂದು ಲಾಭ ಆಯಿತು. ಬಿಳಿ ಹಾಳೆ ಒಂದೇ ಪ್ರತಿ ಇರುತ್ತದೆ, ಅದನ್ನು ಎಲ್ಲಾದರೂ ಇಡಬೇಕು.

ಎಲ್ಲಿಟ್ಟೆ ಅಂದರೆ ಅಟ್ಟದಲ್ಲಿ, ಕೊಬ್ಬರಿ ಕೆಳಗೆ, ಒಂದು ಟ್ರಂಕಿನಲ್ಲಿ. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತದೆ. ಒಳಗೆ ನೀರೆಲ್ಲ ಇಂಗಿ, ಎತ್ತಿ ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನಬೇಕು. ಅಲ್ಲಿ ತನಕ ಯಾರೂ ಮುಟ್ಟಲ್ಲ. ವರ್ಷಕ್ಕೆ ಒಂದೇ ಸಲ, ಸುಲಿಯೋರು ಬಂದಾಗ ಅಟ್ಟದ ಹಲಗೆ ಕಾಣುತ್ತದೆ. ಟ್ರಂಕು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ, ವಾರ ಕಳೆದರೆ ಹೊಸ ಕಾಯಿ ಬೀಳುತ್ತದೆ. ಇದು ಸಿಕ್ಕಮೇಲೆ ಇಡೀ ಕಾದಂಬರಿಗೆ ಕ್ಯಾಲೆಂಡರ್ ಸಿಕ್ಕಿತು. ಕೊಬ್ಬರಿ ರೇಟು ಏರಿದ ವರ್ಷ ಅವರು ಬೇಗ ಅಟ್ಟ ಇಳಿಸುತ್ತಾರೆ. ಆ ಸಲ ಟ್ರಂಕು ನೋಡಬಾರದವರು ನೋಡುತ್ತಾರೆ.

ಮುಯ್ಯಿ ಪುಸ್ತಕದ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ. ಸರೋಜಳ ಮದುವೆಯ ಮುಯ್ಯಿ ಪುಸ್ತಕ ಪೂರ್ತಿ ಬರೆದೆ, ಇನ್ನೂರು ಹೆಸರು ಹತ್ತಿರ. 11 ರೂಪಾಯಿ, 21, 51, ಸ್ಟೀಲ್ ಚೊಂಬು, ರವಿಕೆ ಕಣ. ಅದರ ಮಧ್ಯೆ ಒಂದು ಕಡೆ 1,001 ರೂಪಾಯಿ, ಹೆಸರಿನ ಜಾಗ ಖಾಲಿ. ಪುಸ್ತಕದಲ್ಲಿ ಅಚ್ಚಾಗಿದ್ದು ಇದರ ಒಂದೇ ಪುಟ. ಆದರೆ ಇನ್ನೂರು ಹೆಸರು ಬರೆದಾಗ ಇಡೀ ಊರು ನನ್ನ ಕೈಗೆ ಬಂತು. ಯಾರ ಮನೆ ಯಾವ ಬೀದಿ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲಾ.

ಸೂತಕದ್ದು ಇನ್ನೊಂದು. ಸತ್ತವರ ಅಣ್ಣತಮ್ಮಂದಿರ ಮನೆಯಲ್ಲಿ ಸೂತಕ ಕಳೆಯೋ ತನಕ ಹಬ್ಬ ಮಾಡಲ್ಲ. ಶಿವಣ್ಣ ಸತ್ತ ವಾರದಲ್ಲೇ ಗೌರಿ ಹಬ್ಬ ಬರುತ್ತದೆ. ಊರಿನಲ್ಲಿ ಸಂಬಂಧವೇ ಇಲ್ಲದ ಒಂದು ಮನೆಯಲ್ಲಿ ಅವತ್ತು ಗೌರಿ ಕೂರಿಸಿರಲ್ಲ. ಅದನ್ನು ಒಬ್ಬ ಹುಡುಗಿ ಬಾಗಿನ ಕೊಡೋಕೆ ಹೋಗಿ ವಾಪಸ್ ಬಂದದ್ದು ಅಂತ ಎರಡು ಸಾಲಿನಲ್ಲಿ ಮುಗಿಸಿದ್ದೇನೆ. ಯಾವ ಮನೆ ಅಂತ ಇಲ್ಲಿ ಹೇಳಲ್ಲ. ಹೆಂಗಸರು ಹಿಡಿದರು, ಗಂಡಸರು ಒಬ್ಬರೂ ಹಿಡಿಯಲಿಲ್ಲ.

ಕಾಗದ ಮುಗಿದಮೇಲೆ ಲೆಕ್ಕದ ಪುಸ್ತಕ. ಅಡ್ಡಕ್ಕೆ ಇಸವಿ, ಉದ್ದಕ್ಕೆ ಪಾತ್ರ. ಪ್ರತಿ ಚೌಕದಲ್ಲಿ ಆ ಪಾತ್ರಕ್ಕೆ ಗುಟ್ಟು ಗೊತ್ತು, ಗೊತ್ತಿಲ್ಲ, ತಪ್ಪು ಗೊತ್ತು, ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದಾರೆ. ಈ ನಾಲ್ಕನೆಯದು ಎಷ್ಟು ಜಾಸ್ತಿ ಇದೆಯೋ ಪುಟ ಅಷ್ಟು ಬೇಗ ತಿರುಗುತ್ತದೆ. ಆದರೆ ಒಂದೇ ದೃಶ್ಯದಲ್ಲಿ ಅಂಥವರು ಎಷ್ಟು ಜನ ಇರಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮುಂದಿನ ಪುಸ್ತಕಕ್ಕೂ ಬೇಕು.

ಮಧ್ಯೆ ಬೇರೆ ಆಟಗಳೂ ಆದವು. ಹಳೇ ಲಗ್ನಪತ್ರಿಕೆಗಳ ಹಿಂಭಾಗದಲ್ಲಿ ದೃಶ್ಯ ಬರೆದು ಗೋಡೆಗೆ ಅಂಟಿಸಿದೆ. ಪತ್ರಿಕೆ ದಪ್ಪ ಇದ್ದು ಒಳ್ಳೇದೇ, ಆದರೆ ನಮ್ಮ ಮನೆಯವರು ನೆಂಟರು ಬಂದಾಗಲೆಲ್ಲ ಕಿತ್ತಿಡುತ್ತಿದ್ದರು. ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸಿ ನೋಡಿದೆ. ವಿವರಣೆ ಪರವಾಗಿಲ್ಲ, ನಮ್ಮ ಕಡೆಯ ಮಾತು ಅದಕ್ಕೆ ಹತ್ತಲಿಲ್ಲ. ಕಾದಂಬರಿಯನ್ನು ಕೊನೆಯಿಂದ ಮೊದಲಿಗೆ ಬರೆಯುವ ಪ್ರಯೋಗವೂ ಆಯಿತು. ನಾಲ್ಕು ಅಧ್ಯಾಯಕ್ಕೆ ಕೈಬಿಟ್ಟೆ. ಬರೆಯುವ ನನಗೇ ಬೇಜಾರು ಬಂತು.

ಕಾದಂಬರಿಗೆ ಅಂತ ಹೀಗೆ ಸುಳ್ಳು ಕಾಗದ ಮಾಡುವವರಿಗೆ ಒಂದು ಎಚ್ಚರಿಕೆ. ಛಾಪಾ ಕಾಗದ, ಸೀಲು ಇದರ ತಂಟೆಗೆ ಹೋಗಲೇಬೇಡಿ. ಬಿಳಿ ಹಾಳೆ ಸಾಕು. ಊರಿನ ಹೆಸರು ಕಟ್ಟಿದ್ದಾಗಿರಲಿ. ಯಾವುದಾದರೂ ಊರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿನ ಕೊನೇ ಸರ್ವೆ ನಂಬರ್ ಯಾವುದೋ ನೋಡಿಕೊಂಡು ಅದನ್ನು ದಾಟಿದ ನಂಬರ್ ಹಾಕಿ. ಇಲ್ಲದಿದ್ದರೆ ಯಾರೋ ಒಬ್ಬರು ಪುಸ್ತಕ ಹಿಡಿದುಕೊಂಡು ಮನೆಗೆ ಬರುತ್ತಾರೆ.

ಅಚ್ಚಿನ ವಿಷಯ. ಪಹಣಿ ಅಡ್ಡ ಹಾಳೆ, ಪುಸ್ತಕ 1/8 ಡೆಮಿ, ಅಂದ್ರೆ ಮಾಮೂಲಿ ಕಾದಂಬರಿಯ ಗಾತ್ರ. ಪೂರ್ತಿ ಹಾಕಿದರೆ ಅಕ್ಷರ ಇರುವೆ ಗಾತ್ರ. ಹರಿದ ತುಂಡಿನ ಹಾಗೆ 9ರಿಂದ 12ರ ತನಕ ಮಾತ್ರ ಉಳಿಸಿದೆವು. ಓದುಗರು ಅದನ್ನು ಕಲೆ ಅಂದುಕೊಂಡರು. ಡಿಟಿಪಿಗೆ (ಪುಟ ಜೋಡಿಸುವವರಿಗೆ) ಯೂನಿಕೋಡ್ ಕಡತ ಕೊಟ್ಟೆ, ಅವರು 'ನುಡಿ' ತಂತ್ರಾಂಶಕ್ಕೆ ಬದಲಾಯಿಸಿದಾಗ ಅರ್ಕಾವತ್ತೆಲ್ಲ ಚೆಲ್ಲಾಪಿಲ್ಲಿ. 'ಇನ್‌ಲ್ಯಾಂಡ್' ಬಂದ ಕಡೆಯೆಲ್ಲ ನ ಕೆಳಗೆ ಲ ಒತ್ತು ಬಿದ್ದಿತ್ತು. ಪಹಣಿಯ ಅಂಕಿಯಲ್ಲಿ ಒಂದು ತಪ್ಪಿದರೂ ಕಥೆ ಕೆಡುತ್ತದೆ, ಅದಕ್ಕೇ ಆ ಪುಟಗಳನ್ನು ಚಿತ್ರ ಮಾಡಿ ಕೊಟ್ಟೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಮುನ್ನೂರು ಪ್ರತಿ ಡಿಜಿಟಲ್, ಪ್ರತಿಗೆ 95 ರೂಪಾಯಿ ಹತ್ತಿರ. ಮುಖಪುಟಕ್ಕೆ ಆರು ಸಾವಿರ, ಕರಡು ತಿದ್ದೋಕೆ ನಾಲ್ಕು, ಡಿಟಿಪಿ ಐದು. ನಲವತ್ಮೂರು ನಲವತ್ನಾಲ್ಕು ಸಾವಿರಕ್ಕೆ ಮುಗಿಯಿತು. ಬೆಲೆ 290. ಅಂಗಡಿಗೆ ಶೇಕಡ 40 ಬಿಟ್ಟು ನೂರಿಪ್ಪತ್ತು ಪ್ರತಿ, ವಾಟ್ಸಾಪಿನಲ್ಲಿ ಕೇಳಿದವರಿಗೆ ಅಂಚೆಯಲ್ಲಿ ನೂರೈವತ್ತು, ಉಳಿದದ್ದು ಗೌರವ ಪ್ರತಿ. ಎಲ್ಲಾ ಕಳೆದು ಕೈಗೆ ಹದಿನೈದು ಸಾವಿರದ ಆಸುಪಾಸು ಉಳಿಯಿತು. ನಗಬೇಡಿ, ಮೊದಲ ಎರಡರಲ್ಲಿ ಉಳಿದದ್ದು ಸಾಲ. ನಾಲ್ಕೈದು ತಿಂಗಳಲ್ಲಿ ಪ್ರತಿ ಖಾಲಿ. ಮೇಷ್ಟ್ರು ದುಡ್ಡು ಕೊಟ್ಟೇ ಎರಡು ತಗೊಂಡರು, ಒಂದನ್ನು ಅಳಿಯನಿಗೆ.

ಎರಡನೇ ಮುದ್ರಣ ಆಫ್‌ಸೆಟ್‌ನಲ್ಲಿ ಸಾವಿರ. ಪ್ರತಿಗೆ ಅರವತ್ತರ ಒಳಗೆ ಬರಬಹುದು, ಕಾಗದದ ರೇಟು ನೋಡಬೇಕು. ಈ ನಡುವೆ ಆಡಿಯೊ ಪುಸ್ತಕಕ್ಕೆ ಕೇಳಿದ್ದಾರೆ. ಪಹಣಿ ಚಿತ್ರವನ್ನು ಕಿವಿಗೆ ಕೇಳಿಸೋದು ಹೇಗೆ ಅಂತ ಗೊತ್ತಾಗದೆ ಅವರೂ ಕೂತಿದ್ದಾರೆ, ನಾನೂ ಕೂತಿದ್ದೇನೆ. ರೆಕಾರ್ಡ್ ರೂಮಿನ ಗುಮಾಸ್ತನ ಪಾತ್ರ ಒಂದನ್ನು ಸೇರಿಸಿ, ಅವನ ಬಾಯಲ್ಲಿ ಓದಿಸೋಣ ಅಂದಿದ್ದೇನೆ. ಹೆಚ್ಚುವರಿ ಅಧ್ಯಾಯಕ್ಕೆ ಹೆಚ್ಚುವರಿ ದುಡ್ಡು ಅಂತಲೂ ಅಂದಿದ್ದೇನೆ. ಮುಂಗಡ ಇನ್ನೂ ಬಂದಿಲ್ಲ.